ದೋಷಶೋಧಕ ತಂತ್ರಾಂಶದ ತಿದ್ದುಪಡಿ ಮತ್ತು ಅದರ ಪರಿಶೀಲನ ಕ್ರಮ

ಆಕರಗಳ ಪರಿಶೋಧನೆಯು ಇತಿಹಾಸಕಾರನ ಮೊದಲನೆಯ ಕರ್ತವ್ಯವೆಂಬುದು ಸರ್ವವಿದಿತ. ಶಾಸನವೊಂದು ಕೈಗೆ ಬಂದಾಗ ಅದನ್ನು ಬರೆಯಿಸಿದವರು ಯಾರು, ಅಕ್ಷರಗಳು ಮೂಲದವೋ ತರುವಾಯ ತಿದ್ದಿದವೋ, ಹೇಳಿದ ಸಂಗತಿಗೆ ಬೇರೆ ಸಾಕ್ಷ್ಯವುಂಟೋ ಎಂದು ವಿಚಾರಿಸದೆ ನಾವು ಮುಂದುವರಿಯುವುದಿಲ್ಲ. ಇದೇ ಬಗೆಯ ವಿಚಾರಣೆಯು ನಮ್ಮ ಅಭ್ಯಾಸಕ್ಕೆ ದೂರವೆಂದು ತೋರುವ ಇನ್ನೊಂದು ಕ್ಷೇತ್ರದಲ್ಲಿ ದಿನನಿತ್ಯವೂ ನಡೆಯುತ್ತಿದೆ. ಗಣಕಯಂತ್ರದ ತಂತ್ರಾಂಶವನ್ನು ಅನೇಕರು ಕೂಡಿ ಬರೆಯುವಾಗ ಒಬ್ಬರು ಮಾಡಿದ ತಿದ್ದುಪಡಿಯನ್ನು ಮತ್ತೊಬ್ಬರು ಓದಿ ಒಪ್ಪಿದ ಮೇಲೆಯೇ ಮೂಲಪಾಠಕ್ಕೆ ಸೇರಿಸುವ ಪದ್ಧತಿ ಉಂಟು. ಜಿಡಿಬಿ ಎಂಬ ದೋಷಶೋಧಕವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪದ್ಧತಿಯನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ವಾಡಿಕೆಯಲ್ಲಿ ಡಿಬಗ್ಗರ್ ಎಂದು ಕರೆಯಲ್ಪಡುವ ದೋಷಶೋಧಕವು ತಾನೂ ಒಂದು ಕ್ರಮವಿಧಿ, ಅಂದರೆ ಪ್ರೋಗ್ರಾಮ್. ಬೇರೊಂದು ಕ್ರಮವಿಧಿಯನ್ನು ತನ್ನ ಅಧೀನದಲ್ಲಿ ನಡೆಯಿಸಿ, ಬೇಕೆಂದಲ್ಲಿ ಅದನ್ನು ತಡೆದು ನಿಲ್ಲಿಸಿ, ಆ ಕ್ಷಣದಲ್ಲಿ ಅದರ ಮೆಮೊರಿಯಲ್ಲಿ ಏನಿದೆಯೆಂದು ತೋರಿಸುವುದೇ ಇದರ ಕೆಲಸ. ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಅಂಗವಾಗಿ 1986ರಲ್ಲಿ ಜಿಡಿಬಿಯನ್ನು ರಚಿಸಿದರು. ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಸಾಮಾನ್ಯ ತಂತ್ರಾಂಶದಲ್ಲಿ ದೋಷವಿದ್ದರೆ ಅದನ್ನು ದೋಷಶೋಧಕದ ಸಹಾಯದಿಂದ ಕಂಡುಹಿಡಿಯಬಹುದು. ದೋಷಶೋಧಕವೇ ಸುಳ್ಳು ಹೇಳತೊಡಗಿದರೆ? ಆಗ ನಿರ್ದೋಷವಾದ ಸ್ಥಳದಲ್ಲಿ ತಪ್ಪನ್ನು ಹುಡುಕುತ್ತ ದಿನಗಳು ಕಳೆಯುತ್ತವೆ. ನಿಜವಾದ ತಪ್ಪು ಇದ್ದಲ್ಲಿಯೇ ಉಳಿಯುತ್ತದೆ. ಸಾಕ್ಷಿಯೇ ಕೆಟ್ಟ ಮೇಲೆ ನ್ಯಾಯನಿರ್ಣಯಕ್ಕೆ ಆಧಾರವೆಲ್ಲಿ? ಆದುದರಿಂದ ಇಂತಹ ಸಾಧನದ ತಿದ್ದುಪಡಿಯಲ್ಲಿ ವಿಶೇಷವಾದ ಎಚ್ಚರ ಅವಶ್ಯಕ.

ತಿದ್ದುಪಡಿಯನ್ನು ಕಳುಹಿಸುವವರು ಇಡೀ ಗ್ರಂಥವನ್ನು ಕಳುಹಿಸುವುದಿಲ್ಲ. ತೆಗೆದ ಸಾಲುಗಳ ಮುಂದೆ ಕಳೆಯುವ ಚಿಹ್ನೆಯನ್ನೂ ಸೇರಿಸಿದ ಸಾಲುಗಳ ಮುಂದೆ ಕೂಡುವ ಚಿಹ್ನೆಯನ್ನೂ ಇಟ್ಟು, ಸಂದರ್ಭ ತಿಳಿಯಲೆಂದು ಅಕ್ಕಪಕ್ಕದ ಕೆಲವು ಸಾಲುಗಳನ್ನು ಉಳಿಸಿಕೊಂಡು, ವ್ಯತ್ಯಾಸವನ್ನು ಮಾತ್ರ ಮಂಡಿಸುತ್ತಾರೆ. ನಮ್ಮ ಗ್ರಂಥ ಸಂಪಾದಕರು ಪಾಠಭೇದಗಳನ್ನು ಕೊಡುವ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಇದನ್ನು ಒಪ್ಪುವ ಅಧಿಕಾರ ಯಾರಿಗೆ ಉಂಟೆಂಬುದನ್ನು ಯೋಜನೆಯ ಒಂದು ಕಡತದಲ್ಲಿ ಬರೆದಿಟ್ಟಿದ್ದಾರೆ. ಕೆಲವರಿಗೆ ಇಡೀ ಗ್ರಂಥದ ಮೇಲೆ ಅಧಿಕಾರ. ಕೆಲವರಿಗೆ ಒಂದೊಂದು ಭಾಗದ ಮೇಲೆ. ಉಳಿದವರು ಅನುಮತಿ ದೊರೆತ ನಂತರವೇ ಬರೆಯತಕ್ಕವರು. ತೀರ ಸ್ಪಷ್ಟವಾದ ಸಣ್ಣ ತಿದ್ದುಪಡಿಗೆ ಮಾತ್ರ ವಿನಾಯಿತಿ ಇದೆ. ಅದಕ್ಕೂ ಒಂದು ಒರೆಗಲ್ಲನ್ನು ಇಟ್ಟಿರುವುದು ಗಮನಾರ್ಹ: ನಮ್ಮ ಕೆಲಸವನ್ನು ಅತ್ಯಂತ ದ್ವೇಷಿಸುವವನು ಕೂಡ ಅದರಲ್ಲಿ ತಪ್ಪು ಹುಡುಕಲಾರನೇ ಎಂದು ಕೇಳಿಕೊಳ್ಳಬೇಕು. ಹುಡುಕಬಲ್ಲನಾದರೆ ಅದು ಸ್ಪಷ್ಟವಾದುದಲ್ಲ.

ಪರಿಶೀಲಕರು ಕೇಳುವ ಪ್ರಶ್ನೆಗಳ ಸ್ವರೂಪವನ್ನು ಒಂದು ಕಲ್ಪಿತ ತಿದ್ದುಪಡಿಯಿಂದ ತಿಳಿಯೋಣ. ಕ್ರಮವಿಧಿಯನ್ನು ಒಂದು ಸ್ಥಳದಲ್ಲಿ ನಿಲ್ಲಿಸಲು ಇಡುವ ಗುರುತಿಗೆ ಬ್ರೇಕ್‌ಪಾಯಿಂಟ್ ಎಂದು ಹೆಸರು. ಇಂಟೆಲ್ ಕುಲದ ಸಂಸ್ಕಾರಕಗಳಲ್ಲಿ ಜಿಡಿಬಿಯು ಸಾಮಾನ್ಯವಾಗಿ ಆ ಸ್ಥಳದಲ್ಲಿರುವ ಆಜ್ಞೆಯ ಮೊದಲ ಬೈಟನ್ನು ಎತ್ತಿಟ್ಟುಕೊಂಡು, ಅಲ್ಲಿ 204 ಎಂಬ ಬೆಲೆಯ ಬೈಟನ್ನು ಬರೆಯುತ್ತದೆ. ಅದನ್ನು ಮುಟ್ಟಿದೊಡನೆ ಕ್ರಮವಿಧಿ ನಿಲ್ಲುತ್ತದೆ. ನಿಂತೊಡನೆ ಜಿಡಿಬಿಯು ಮೂಲ ಬೈಟನ್ನು ಸ್ವಸ್ಥಾನದಲ್ಲಿ ಇಡುತ್ತದೆ. ಪುನಃ ಹೊರಡುವಾಗ ಗುರುತನ್ನು ಮತ್ತೆ ಬರೆಯುತ್ತದೆ. ಹೀಗೆ ಪ್ರತಿಬಾರಿಯೂ ತೆಗೆದು ಇಡುವುದು ವ್ಯರ್ಥ ಶ್ರಮ, ಗುರುತುಗಳು ಯಾವಾಗಲೂ ಇದ್ದಲ್ಲಿಯೇ ಇರಲಿ ಎಂದು ಒಬ್ಬರು ತಿದ್ದುಪಡಿ ತಂದರೆಂದು ಭಾವಿಸೋಣ. ಸಾಲುಗಳು ಕಡಮೆಯಾಗುತ್ತವೆ, ವೇಗ ಹೆಚ್ಚುತ್ತದೆ. ಮೇಲುನೋಟಕ್ಕೆ ಇದು ನಿರಾಕ್ಷೇಪಣೀಯವಾದುದು.

ಪರಿಶೀಲಕರು ಬರೆದ ಸಾಲುಗಳನ್ನು ನೋಡುವುದಲ್ಲದೆ ಬರೆಯದೆ ಬಿಟ್ಟುದನ್ನೂ ವಿಚಾರಿಸುತ್ತಾರೆ. ಗುರುತು ಅಲ್ಲಿಯೇ ಇರುವಾಗ ಬಳಕೆದಾರರು ಮೆಮೊರಿಯನ್ನು ನೋಡಬಯಸಿದರೆ ಕಾಣುವುದು ಮೂಲ ಬೈಟೋ, ಕೃತಕವಾದ 204ರ ಬೈಟೋ? ಕ್ರಮವಿಧಿಯು ಫೋರ್ಕ್ ಎಂಬ ವಿಧಾನದಿಂದ ತನ್ನದೇ ಪ್ರತಿಯೊಂದನ್ನು ಹುಟ್ಟಿಸಿದರೆ ಆ ಪ್ರತಿಯಲ್ಲಿಯೂ ಗುರುತು ಉಳಿದಿರುತ್ತದೆ. ಅದನ್ನು ಅಳಿಸದೆ ಪ್ರತಿಯನ್ನು ಸ್ವತಂತ್ರವಾಗಿ ಬಿಟ್ಟರೆ ಅದು ಗುರುತನ್ನು ಮುಟ್ಟಿ, ಹಿಡಿಯುವವರಿಲ್ಲದೆ ಸಾಯುತ್ತದೆ. ಕೊನೆಯದಾಗಿ, ದೋಷಶೋಧಕವೇ ಅಕಸ್ಮಾತ್ ಮುರಿದು ಬಿದ್ದರೆ ಗುರುತುಗಳನ್ನು ಅಳಿಸುವವರು ಯಾರು? ಈ ಕೊನೆಯ ಭಯದಿಂದಲೇ ಜಿಡಿಬಿಯು ನಿಂತೊಡನೆ ಗುರುತುಗಳನ್ನು ತೆಗೆಯುವ ಕ್ರಮವನ್ನು ವಾಡಿಕೆಯಾಗಿ ಇಟ್ಟುಕೊಂಡಿದೆ. ಆದರೆ ದೂರದ ನಿಧಾನವಾದ ಯಂತ್ರಗಳೊಡನೆ ವ್ಯವಹರಿಸುವಾಗ ಇದು ನಿಜವಾಗಿಯೂ ತಡವೇ. ಅದಕ್ಕಾಗಿ ಗುರುತುಗಳನ್ನು ಸದಾ ಉಳಿಸುವ ಆಯ್ಕೆಯನ್ನು ಬಳಕೆದಾರರಿಗೆ ಪ್ರತ್ಯೇಕವಾಗಿ ಕೊಟ್ಟಿದ್ದಾರೆ. ಎರಡು ಪಕ್ಷಗಳ ಕಾರಣಗಳೂ ಕೈಪಿಡಿಯಲ್ಲಿ ಬರೆದಿರುವುದರಿಂದ, ವ್ಯರ್ಥವೆಂದು ತೋರಿದ ಶ್ರಮವು ವ್ಯರ್ಥವಲ್ಲವೆಂದು ಹೊಸಬರಿಗೂ ತಿಳಿಯುತ್ತದೆ.

ವಾದದ ಜೊತೆಗೆ ಪ್ರಯೋಗವೂ ಬೇಕು. ಜಿಡಿಬಿಯೊಡನೆ ಪರೀಕ್ಷೆಗಳ ದೊಡ್ಡ ಸಮೂಹವೊಂದಿದೆ. ತಿದ್ದುಪಡಿಗೆ ಮೊದಲೊಮ್ಮೆ, ಅನಂತರ ಇನ್ನೊಮ್ಮೆ ಅವನ್ನು ನಡೆಯಿಸಿ ಫಲಿತಾಂಶಗಳನ್ನು ಹೋಲಿಸುತ್ತಾರೆ. ದೋಷ ನಿವಾರಣೆಗೆಂದು ಬರೆದ ಹೊಸ ಪರೀಕ್ಷೆಯು ತಿದ್ದುಪಡಿಯಿಲ್ಲದೆ ಸೋಲಬೇಕು, ತಿದ್ದುಪಡಿಯೊಡನೆ ಗೆಲ್ಲಬೇಕು. ಎರಡು ಸಲವೂ ಗೆಲ್ಲುವ ಪರೀಕ್ಷೆಯು ಆ ದೋಷದ ವಿಷಯದಲ್ಲಿ ಏನನ್ನೂ ಸಿದ್ಧಪಡಿಸಿದಂತಾಗುವುದಿಲ್ಲ.

ಇಷ್ಟಾದ ಮೇಲೆ ಉಳಿಯುವುದು ದಾಖಲೆ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಅತ್ಯಂತ ಮಹತ್ವದ್ದಾಗಿ ತೋರುವುದು ಇದೇ. ಜಿಡಿಬಿಯಲ್ಲಿ 2021ರವರೆಗೆ ಚೇಂಜ್‌ಲಾಗ್ ಎಂಬ ಕಡತದಲ್ಲಿ ಪ್ರತಿಯೊಂದು ಬದಲಾವಣೆಯನ್ನೂ ತಾರೀಖಿನೊಡನೆ ಬರೆಯುತ್ತಿದ್ದರು. ಏನು ಬದಲಾಯಿತೆಂಬುದು ಅಲ್ಲಿ ದೊರೆಯುತ್ತಿತ್ತು. ಏಕೆ ಬದಲಾಯಿತೆಂಬುದು ಸಾಮಾನ್ಯವಾಗಿ ಅಲ್ಲಿ ದೊರೆಯುತ್ತಿರಲಿಲ್ಲ. ಈಗ ತಿದ್ದುಪಡಿಗೆ ಅಂಟಿಕೊಂಡೇ ಬರುವ ವಿವರಣೆಯು ಆ ಹೊಣೆಯನ್ನು ಹೊತ್ತಿದೆ. ಹತ್ತು ವರ್ಷಗಳ ತರುವಾಯ ಬರೆದವರೂ ಒಪ್ಪಿದವರೂ ಅಲ್ಲಿರದೆ ಹೋಗಬಹುದು. ಆಗ ಆ ಸಾಲನ್ನು ಉಳಿಸಬೇಕೋ ಅಳಿಸಬೇಕೋ ಎಂದು ನಿರ್ಣಯಿಸಲು ವಿವರಣೆಯೊಂದೇ ಆಧಾರವಾಗಬಹುದು. ಆದುದರಿಂದ ಕಾರಣ ಕಾಣದ ತಿದ್ದುಪಡಿಯನ್ನು, ಅದು ಸರಿಯಾಗಿಯೇ ಇದ್ದರೂ, ಪರಿಶೀಲಕರು ಹಿಂದಿರುಗಿಸುವುದು ಉಚಿತವಾದ ಕಾರ್ಯ.

ಈ ಪದ್ಧತಿಗೂ ಮಿತಿಯುಂಟು. 2024ರ ಮಾರ್ಚಿಯಲ್ಲಿ ಎಕ್ಸ್‌ಝಡ್ ಯುಟಿಲ್ಸ್ ಎಂಬ ಮತ್ತೊಂದು ಮುಕ್ತ ತಂತ್ರಾಂಶದಲ್ಲಿ ಗುಪ್ತದ್ವಾರವೊಂದು ಪತ್ತೆಯಾಯಿತು. ಎರಡು ವರ್ಷಗಳಿಗೂ ಮೇಲ್ಪಟ್ಟು ಕೆಲಸ ಮಾಡಿ ವಿಶ್ವಾಸವನ್ನೂ ಅಧಿಕಾರವನ್ನೂ ಗಳಿಸಿದ ಖಾತೆಯ ಮೂಲಕವೇ ಅದು ಒಳಸೇರಿತ್ತು. ಅದರ ಬಹುಭಾಗವು ಪರೀಕ್ಷೆಯ ಸಾಮಗ್ರಿಯ ವೇಷದಲ್ಲಿ, ಮನುಷ್ಯರು ಓದಲಾಗದ ಕಡತಗಳಲ್ಲಿ ಅಡಗಿತ್ತು. ಅದನ್ನು ಎಬ್ಬಿಸುವ ಭಾಗವು ಎಲ್ಲರೂ ನೋಡುವ ಭಂಡಾರದಲ್ಲಿರದೆ ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ದೂರದಿಂದ ಯಂತ್ರವನ್ನು ಪ್ರವೇಶಿಸುವಾಗ ಆಗುತ್ತಿದ್ದ ಅಲ್ಪ ವಿಳಂಬವನ್ನು ಕಂಡು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಅದನ್ನು ಬಯಲಿಗೆಳೆದರು. ವ್ಯಕ್ತಿಯ ಮೇಲಿನ ವಿಶ್ವಾಸವು ಪಾಠದ ಪರಿಶೀಲನೆಗೆ ಬದಲಾಗಿ ನಿಲ್ಲಲಾರದೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಬೇಕಿಲ್ಲ.

ಪರಿಶೀಲನೆಯು ನಿಧಾನದ ಕೆಲಸ. ಅದನ್ನು ಮಾಡಬಲ್ಲವರು ಎಲ್ಲ ಕಾಲದಲ್ಲಿಯೂ ವಿರಳ. ಮಾಡಿದವರಿಗೆ ದೊರೆಯುವ ಕೀರ್ತಿಯೂ ಸ್ವಲ್ಪ. ಆದರೂ ಕರ್ತೃವಿನ ಹೆಸರನ್ನು ಪ್ರಮಾಣವೆಂದು ಹಿಡಿಯದೆ, ಹೇಳಿದ ಕಾರಣವನ್ನೂ ತೋರಿಸಿದ ಸಾಕ್ಷ್ಯವನ್ನೂ ಮಾತ್ರ ಪ್ರಮಾಣವೆಂದು ಹಿಡಿಯುವ ಈ ಶಿಸ್ತು ನಮ್ಮ ಶಾಸ್ತ್ರದ ಶಿಸ್ತೇ ಆಗಿದೆ. ಇಂದಿನ ಗಣಕಗಳ ಇತಿಹಾಸವನ್ನು ಮುಂದೆ ಬರೆಯುವವರಿಗೆ ಈ ತಿದ್ದುಪಡಿಗಳ ದಾಖಲೆಗಳು ಮೂಲ ಆಕರಗಳಾಗಲಿವೆ. ಅವುಗಳನ್ನು ಓದುವ ಕ್ರಮವನ್ನು ನಮ್ಮ ವಿದ್ಯಾರ್ಥಿಗಳು ಈಗಿನಿಂದಲೇ ರೂಢಿಸಿಕೊಳ್ಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.