ಹದ್ದಿನ ಕಿವಿ

ಮಂತ್ರಾಲೋಚನೆಯ ಸ್ಥಳವು ಹಕ್ಕಿಗಳ ಕಣ್ಣಿಗೂ ಬೀಳಬಾರದೆಂದು ಕೌಟಿಲ್ಯನು ವಿಧಿಸಿದ್ದಾನೆ. ಗಿಳಿ, ಸಾರಿಕೆಗಳಿಂದಲೂ ರಹಸ್ಯ ಹೊರಬಿದ್ದುದುಂಟಂತೆ. ಈ ಮಾತು ನನಗೆ ಮತ್ತೆ ನೆನಪಾದದ್ದು ಮಾಸ್ಕೋವಿನ ಮರದ ಹದ್ದೊಂದರ ವೃತ್ತಾಂತವನ್ನು ಓದುತ್ತಿದ್ದಾಗ.

1945ರ ಆಗಸ್ಟಿನಲ್ಲಿ ಸೋವಿಯತ್ ಬಾಲಕರು ಅಮೆರಿಕದ ರಾಯಭಾರಿ ಆವರೆಲ್ ಹ್ಯಾರಿಮನ್ನರಿಗೆ ಆ ದೇಶದ ರಾಷ್ಟ್ರಮುದ್ರೆಯನ್ನು ಮರದಲ್ಲಿ ಕೆತ್ತಿಸಿ ಕಾಣಿಕೆಯಾಗಿತ್ತರು. ರೆಕ್ಕೆ ಬಿಚ್ಚಿದ ಆ ಹದ್ದು ರಾಯಭಾರಿಯ ನಿವಾಸವಾದ ಸ್ಪಾಸೊ ಹೌಸಿನ ಓದುಕೋಣೆಯ ಗೋಡೆಯನ್ನೇರಿತು. ರಾಯಭಾರಿಗಳು ಬದಲಾದರು, ಹದ್ದು ಕದಲಲಿಲ್ಲ.

ಕೋಣೆಯನ್ನು ಶೋಧಿಸುವವರು ಕೈಯಲ್ಲಿ ಹಿಡಿಯುವುದು ರೇಡಿಯೋ ತರಂಗಗಳನ್ನು ಗುರುತಿಸುವ ಯಂತ್ರ. ಪ್ರೇಷಕವನ್ನು ಸಮೀಪಿಸಿದಷ್ಟೂ ತರಂಗ ಪ್ರಬಲವಾಗುತ್ತದೆ, ಮುಳ್ಳು ಮೇಲೇರುತ್ತದೆ. ಆದರೆ ಗಮನಿಸಿ: ಅದು ಹಿಡಿಯುವುದು ಮಾತನಾಡುತ್ತಿರುವ ಕಳ್ಳನನ್ನು ಮಾತ್ರ. ಬಾಯಿ ಮುಚ್ಚಿ ಕುಳಿತ ಪ್ರೇಷಕದ ಮುಂದೆ ಅದು ಕುರುಡು. ಹದ್ದಿನೊಳಗೆ ಅಡಗಿದ್ದುದಾದರೋ ಬಹುಮಟ್ಟಿಗೆ ಮೂಕ! ಅದಕ್ಕೆ ಬ್ಯಾಟರಿಯಿಲ್ಲ, ತಂತಿಯಿಲ್ಲ. ಇದ್ದುದು ಒಂದು ಲೋಹದ ಡಬ್ಬಿ, ಅದರ ಬಾಯಿಗೆ ತೆಳುವಾದ ಪೊರೆ, ಒಂದು ಸಣ್ಣ ಆಂಟೆನಾ. ಹೊರಗಿನಿಂದ ರೇಡಿಯೋ ಕಿರಣವನ್ನು ಬೀರಿದಾಗ ಮಾತ್ರ ಅದಕ್ಕೆ ಜೀವ. ಕೋಣೆಯ ಮಾತು ಪೊರೆಯನ್ನು ಕಂಪಿಸುತ್ತಿತ್ತು. ಮರಳಿಹೋಗುವ ತರಂಗ ಆ ಕಂಪನವನ್ನು ಹೊತ್ತೊಯ್ಯುತ್ತಿತ್ತು. ಕಿರಣ ನಿಂತರೆ ಉಳಿಯುವುದು ಬರಿಯ ಮರ. ಇದನ್ನು ರಚಿಸಿದವನು ಲೆವ್ ಟೆರ್ಮೆನ್. ಮುಟ್ಟದೆಯೇ ನುಡಿಸುವ ಅದ್ಭುತ ವಾದ್ಯವೊಂದನ್ನು ಲೋಕಕ್ಕೆ ಕೊಟ್ಟ ಅದೇ ವಿಜ್ಞಾನಿ. ಸಂಗೀತಕ್ಕೆ ತೆರೆದ ಬುದ್ಧಿ ಗೂಢಚರ್ಯೆಗೂ ಒದಗಿದ್ದು ನನ್ನನ್ನು ಇಂದಿಗೂ ಕಾಡುತ್ತದೆ.

1952ರಲ್ಲಿ ಅಮೆರಿಕದಿಂದ ಶೋಧಕರು ಬಂದರು. ಕೋಣೆ ನಿಶ್ಶಬ್ದವಾಗಿದ್ದರೆ ಹೊರಗಿನವರು ಕಿರಣವನ್ನು ಬೀರುವರೇಕೆ? ಆದುದರಿಂದ ಆಗಿನ ರಾಯಭಾರಿ ಜಾರ್ಜ್ ಕೆನ್ನನ್ನರು ಓದುಕೋಣೆಯಲ್ಲಿ ಕುಳಿತು, ಮಹತ್ತ್ವದ ಪತ್ರವನ್ನು ಬರೆಯಿಸುವವರಂತೆ ಹಳೆಯ ವರದಿಯೊಂದನ್ನು ಗಟ್ಟಿಯಾಗಿ ಹೇಳತೊಡಗಿದರು. ಬೇಟೆಗೆ ಕಟ್ಟುವ ಆಡು ರಾಯಭಾರಿಯ ಕಂಠವೇ ಆಯಿತು. ಯಂತ್ರ ಹಿಡಿದವನು ಸಂಕೇತವನ್ನು ಬೆನ್ನಟ್ಟಿ ಗೋಡೆಯ ಬಳಿಗೆ ಬಂದ, ಹದ್ದನ್ನಿಳಿಸಿ ಇಟ್ಟಿಗೆಯನ್ನು ಒಡೆದ. ಗೋಡೆಯಲ್ಲಿ ಏನೂ ಇರಲಿಲ್ಲ. ಬಳಿಕ ಸುತ್ತಿಗೆ ಹದ್ದಿನ ಮೇಲೆಯೇ ಬಿದ್ದಿತು, ಯಂತ್ರ ಹೊರಬಂದಿತು. ಅದುವರೆಗೆ ಬಾಯಿ ನಿಲ್ಲಿಸುವ ಹಾಗಿರಲಿಲ್ಲ. ಕಾಣದ ಮೂರನೆಯವನೊಬ್ಬ ಕೋಣೆಯಲ್ಲಿ ಕುಳಿತು ಕೇಳುತ್ತಿದ್ದಂತೆ ಭಾಸವಾಯಿತೆಂದು ಕೆನ್ನನ್ನರು ಸ್ಮೃತಿಗ್ರಂಥದಲ್ಲಿ ಬರೆದಿದ್ದಾರೆ. ಆ ಭಾಗವನ್ನು ಓದುವಾಗ ನನ್ನ ಕೋಣೆಯ ಗೋಡೆಗಳನ್ನೂ ಒಮ್ಮೆ ನೋಡಿದೆ.

ಇಂದು ಶೋಧಕ ಯಂತ್ರ ಅಂಗಡಿಯಲ್ಲಿಯೇ ದೊರೆಯುತ್ತದೆ. ಅದರ ಕಷ್ಟವೀಗ ತಿರುಗುಮುರುಗಾಗಿದೆ: ಮೊಬೈಲು, ವೈಫೈಗಳ ಗದ್ದಲದಲ್ಲಿ ಮುಳ್ಳು ಎಲ್ಲೆಡೆಯೂ ಏರುತ್ತದೆ. ಮಾತನ್ನು ಕೂಡಿಟ್ಟುಕೊಂಡು ಆಗೊಮ್ಮೆ ಈಗೊಮ್ಮೆ ಮಾತ್ರ ಕಳುಹಿಸುವ ಉಪಕರಣಗಳೂ ಉಂಟು. ಆದ್ದರಿಂದ ಬಲ್ಲವರು ತಾಳ್ಮೆಯಿಂದ ಗಂಟೆಗಟ್ಟಲೆ ಕಾಯುತ್ತಾರೆ, ಕಡೆಗೆ ಕೈಯಿಂದಲೇ ಒಂದೊಂದನ್ನೂ ಬಿಚ್ಚಿ ನೋಡುತ್ತಾರೆ.

ಹದ್ದಿನ ಗುಟ್ಟನ್ನು ಅಮೆರಿಕ ಬಹುಕಾಲ ಬಚ್ಚಿಟ್ಟಿತು. 1960ರ ಮೇ ತಿಂಗಳಿನಲ್ಲಿ ಅದರ ಬೇಹುವಿಮಾನವನ್ನು ಸೋವಿಯತ್ತರು ಕೆಡವಿದ ಮೇಲೆ, ಭದ್ರತಾ ಮಂಡಳಿಯಲ್ಲಿ ಅದರ ಪ್ರತಿನಿಧಿ ಹೆನ್ರಿ ಕ್ಯಾಬಟ್ ಲಾಡ್ಜರು ಆ ಮುದ್ರೆಯನ್ನು ತಂದು, ಬಿಚ್ಚಿ, ಸಭೆಗೆ ತೋರಿಸಿದರು.