ಎಲ್ಲ ಗುಳಿಗೆಯೂ ನಿದ್ದೆ ಗುಳಿಗೆಯಲ್ಲ

ಬೈಲಹೊಂಗಲದಲ್ಲಿ ನನ್ನದು ಔಷಧಿ ಅಂಗಡಿ. ಕಿತ್ತೂರು, ಸವದತ್ತಿ ಕಡೆಯ ಹಳ್ಳಿಗಳಿಂದಲೂ ಜನ ಚೀಟಿ ಹಿಡಿದು ಬರುತ್ತಾರೆ. ಮನೋವೈದ್ಯರ ಚೀಟಿಯಾದರೆ ಆಚೀಚೆ ನೋಡಿ ದನಿ ತಗ್ಗಿಸುತ್ತಾರೆ: "ಅಣ್ಣಾರ, ಇವು ನಿದ್ದಿ ಗುಳಿಗಿ ಹೌದಲ್ರಿ? ಚಟಾ ಹತ್ತತೈತೇನ್ರಿ?" ಚೀಟಿಯಲ್ಲಿ ಮೂರು ಔಷಧಿ ಇದ್ದರೆ ಅವರ ಲೆಕ್ಕದಲ್ಲಿ ಮೂರೂ ನಿದ್ದೆಯವೇ. ಈ ತಪ್ಪು ತಿಳಿವಳಿಕೆಯಿಂದ ನಡುವೆಯೇ ನಿಂತುಹೋದ ಚಿಕಿತ್ಸೆಗಳನ್ನು ಬಹಳ ನೋಡಿದ್ದೇನೆ.

ಚಟದ ಭಯ ನಿಜವಾಗಿ ಇರಬೇಕಾದದ್ದು ಆಲ್‌ಪ್ರಜೋಲಮ್, ಡಯಜೆಪಾಮ್ ಜಾತಿಯ ಮಾತ್ರೆಗಳ ಬಗ್ಗೆ. ಇವು ಗಾಬರಿಯನ್ನು ಬೇಗ ಇಳಿಸುತ್ತವೆ, ನಿದ್ದೆ ತರುತ್ತವೆ; ತಿಂಗಳುಗಟ್ಟಲೆ ನುಂಗಿದರೆ ಮೈ ಅದಕ್ಕೇ ಒಗ್ಗಿಬಿಡುತ್ತದೆ. ಆಮೇಲೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. 2014ರಿಂದ ಇವು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಎಚ್1 ಪಟ್ಟಿಯಲ್ಲಿವೆ. ಕೊಂಡವರ, ಬರೆದ ವೈದ್ಯರ ಹೆಸರನ್ನು ನಾನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಹಾಗಾಗಿ "ಚೀಟಿ ಮನ್ಯಾಗೈತಿ, ಒಂದ ಸ್ಟ್ರಿಪ್ ಕೊಡ್ರಿ" ಎಂದವರನ್ನು ಬರಿಗೈಲಿ ಕಳಿಸುತ್ತೇನೆ. ಬೇಸರಪಟ್ಟುಕೊಂಡರೂ ಪರವಾಗಿಲ್ಲ.

ಎಸ್ಸಿಟಾಲೋಪ್ರಾಮ್ ಬೇರೆ. ಅದು ಖಿನ್ನತೆಗೆ, ಆತಂಕಕ್ಕೆ ಕೊಡುವ ಔಷಧಿ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ದಿನಗಳಲ್ಲಿ ವಾಕರಿಕೆ ಇರಬಹುದು. ಜನ ಇಲ್ಲೇ ಸೋಲುತ್ತಾರೆ: ವಾರದೊಳಗೆ "ಏನೂ ಉಪಯೋಗಿಲ್ಲ" ಎಂದು ಬಿಡುತ್ತಾರೆ, ಇಲ್ಲವೇ ಗುಣವಾದ ತಕ್ಷಣ ಬಿಡುತ್ತಾರೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ಒಲಾಂಜಪಿನ್ ನಿದ್ದೆ ತಂದರೂ ಅದರ ಮುಖ್ಯ ಕೆಲಸ, ಯಾರೂ ಇಲ್ಲದಾಗ ಕೇಳುವ ದನಿಗಳನ್ನೂ ಬುಡವಿಲ್ಲದ ಸಂಶಯವನ್ನೂ ತಗ್ಗಿಸುವುದು.

ಲಿಥಿಯಂ ಒಯ್ಯುವವರನ್ನು ನಾನು ನಿಲ್ಲಿಸಿ ಮಾತಾಡಿಸುತ್ತೇನೆ. ಮನಸ್ಸು ವಿಪರೀತ ಏರುವ, ಕುಸಿಯುವ ಕಾಯಿಲೆಗೆ ಅದು ಒಳ್ಳೆಯ ಔಷಧಿ, ಆದರೆ ರಕ್ತದಲ್ಲಿ ಪ್ರಮಾಣ ಹೆಚ್ಚಾದರೆ ವಿಷ. ಬ್ಯಾಸಗಿಯಲ್ಲಿ ಹೊಲದಲ್ಲಿ ಬೆವರಿದಾಗ, ವಾಂತಿಭೇದಿಯಾದಾಗ ಅದು ಏರುತ್ತದೆ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ತಾವಾಗಿ ನೋವಿನ ಗುಳಿಗೆ ನುಂಗಬಾರದು, ಉಪ್ಪು ಬಿಡಬಾರದು.

ನಿದ್ದೆಗೆಟ್ಟವರೆಲ್ಲ ರೋಗಿಗಳೂ ಅಲ್ಲ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸುವ ರೈತನಿಗೆ ಗುಳಿಗೆ ಏನು ಮಾಡೀತು? ಆದರೆ ನಸುಕಿನಲ್ಲೇ ಎಚ್ಚರಾಗಿ, ಊಟ ಸೇರದೆ, ಬದುಕು ಬೇಡವೆನಿಸಿದರೆ ಅದು ಖಿನ್ನತೆ ಇರಬಹುದು. ನಿದ್ದೆಯಿಲ್ಲದೆಯೂ ದಿನಗಟ್ಟಲೆ ಹುರುಪಿನಿಂದ ಓಡಾಡಿ ಸಾಲ ಮಾಡಿ ಖರ್ಚು ಮಾಡುವವರನ್ನೂ ವೈದ್ಯರಿಗೆ ತೋರಿಸಬೇಕು.

"ಧಾರವಾಡಕ್ಕ ಹೋದ್ರ ಶಾಕ್ ಕೊಡ್ತಾರ" ಎಂಬ ಹೆದರಿಕೆ ಇನ್ನೂ ಇದೆ. ಅಲ್ಲಿ 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್. ವಿದ್ಯುತ್ ಚಿಕಿತ್ಸೆ ಎಲ್ಲರಿಗೂ ಕೊಡುವುದಿಲ್ಲ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಅದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಗುಳಿಗೆ ಬಿಡಬೇಕೆನಿಸಿದರೆ ಮೊದಲು ಬರೆದ ವೈದ್ಯರನ್ನು ಕೇಳಿ. ಮನಸ್ಸು ತೀರಾ ಕಷ್ಟದಲ್ಲಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿಯವರು ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.