ಬೂಷ್ಟಿನ ವಿಷ ಮತ್ತು ಗಣಕಯಂತ್ರದ ಆಟ

ಮೂಟೆ ಬಿಚ್ಚಿದಾಗ ಬೂಷ್ಟಿನ ವಾಸನೆ ಬಂದರೆ ಬೆಲೆ ಇಳಿಯಿತೆಂದು ನಾವೆಲ್ಲರೂ ಚಿಂತಿಸುತ್ತೇವೆ. ಆದರೆ ಬೂಷ್ಟಿನಿಂದ ಕೆಡುವುದು ಬೆಲೆ ಮಾತ್ರವಲ್ಲ. ಕೆಲವು ಜಾತಿಯ ಬೂಷ್ಟುಗಳು ಕಣ್ಣಿಗೆ ಕಾಣದ ವಿಷವನ್ನು ಕಾಳಿನೊಳಗೆ ಬಿಡುತ್ತವೆ. ಈ ವಿಷವನ್ನು ಮುರಿಯಲು ಗಣಕಯಂತ್ರದ ಆಟವೊಂದನ್ನು ಉಪಯೋಗಿಸಿಕೊಂಡ ಸಂಗತಿಯನ್ನು ಸದಸ್ಯ ಬಾಂಧವರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತವು. ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಆ ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರಾಯಿತು. ನಮ್ಮ ದೇಶದಲ್ಲಿಯೂ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನರು ಪ್ರಾಣ ಬಿಟ್ಟರು. ಅಲ್ಪ ಪ್ರಮಾಣದಲ್ಲಿಯಾದರೂ ಬಹುಕಾಲ ಸೇವಿಸಿದರೆ ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ಬೇಯಿಸುವುದರಿಂದಾಗಲಿ ಹುರಿಯುವುದರಿಂದಾಗಲಿ ಇದು ಪೂರ್ತಿ ನಾಶವಾಗುವುದಿಲ್ಲ.

ಹಾಗಾದರೆ ವಿಷವನ್ನು ಮುರಿಯುವ ಕಿಣ್ವವನ್ನು ತಯಾರಿಸಬಾರದೇಕೆ? ಕಿಣ್ವವೆಂದರೆ ಒಂದು ಬಗೆಯ ಪ್ರೋಟೀನು. ಅಮೈನೋ ಆಮ್ಲಗಳ ಉದ್ದನೆಯ ಸರವು ಮಡಿಚಿಕೊಂಡು ಒಂದು ಆಕಾರಕ್ಕೆ ಬಂದಾಗ ಅದು ಕೆಲಸ ಮಾಡುತ್ತದೆ. ಬೀಗಕ್ಕೆ ಬೀಗದಕೈ ಹೊಂದುವಂತೆ ಆ ಆಕಾರವು ವಿಷದ ಕಣಕ್ಕೆ ಹೊಂದಬೇಕು. ಸರವು ಮಡಿಚಿಕೊಳ್ಳಬಹುದಾದ ಬಗೆಗಳೋ ಲೆಕ್ಕವಿಲ್ಲದಷ್ಟು. ಎಲ್ಲವನ್ನೂ ಪರೀಕ್ಷಿಸಿ ನೋಡುವುದು ಗಣಕಯಂತ್ರಕ್ಕೂ ಅಸಾಧ್ಯ. ಆದರೆ ಆಕಾರಗಳನ್ನು ನೋಡಿ ಹೊಂದಿಸುವ ಕೆಲಸದಲ್ಲಿ ಮನುಷ್ಯನ ಕಣ್ಣು ಚುರುಕು.

ಇದನ್ನರಿತ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು 2008ರಲ್ಲಿ ಫೋಲ್ಡ್‌ಇಟ್ ಎಂಬ ಆಟವನ್ನು ಹೊರತಂದರು. ಆಟಗಾರನು ಪರದೆಯ ಮೇಲೆ ಪ್ರೋಟೀನಿನ ಸರವನ್ನು ಎಳೆದು, ತಿರುಗಿಸಿ, ಮಡಿಚುತ್ತಾನೆ. ಮಡಿಕೆ ಭದ್ರವಾದಷ್ಟೂ ಅಂಕ ಹೆಚ್ಚು. ಆಡುವವರು ರಸಾಯನಶಾಸ್ತ್ರ ಓದಿರಬೇಕೆಂಬ ನಿಯಮವಿಲ್ಲ. ಕೋತಿಗಳಲ್ಲಿ ಏಡ್ಸ್ ತರಹದ ರೋಗವನ್ನುಂಟುಮಾಡುವ ವೈರಸ್ಸೊಂದರ ಕಿಣ್ವದ ಆಕಾರ ಹತ್ತು ವರ್ಷಕ್ಕೂ ಮೀರಿ ವಿಜ್ಞಾನಿಗಳಿಗೆ ಬಿಡಿಸಲಾರದ ಒಗಟಾಗಿತ್ತು. ಈ ಆಟಗಾರರು ಮೂರು ವಾರಗಳೊಳಗೆ ಅದಕ್ಕೆ ದಾರಿ ತೋರಿಸಿದರು. ಈ ವಿಷಯ 2011ರಲ್ಲಿ ಪ್ರಕಟವಾಯಿತು.

2017ರ ಅಕ್ಟೋಬರಿನಲ್ಲಿ ಇದೇ ಆಟದಲ್ಲಿ ಅಫ್ಲಟಾಕ್ಸಿನ್ನಿನ ಒಗಟನ್ನು ಇಡಲಾಯಿತು. ಕಡಲೆಕಾಯಿಯನ್ನು ಬಳಸುವ ಮಾರ್ಸ್ ಎಂಬ ಮಿಠಾಯಿ ಕಂಪನಿಯೂ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವೂ ಇದರಲ್ಲಿ ಕೈಜೋಡಿಸಿದವು. ಆಟಗಾರರು ಕಿಣ್ವದ ಆಕಾರವನ್ನು ತಿದ್ದಬೇಕು. ಅವುಗಳಲ್ಲಿ ಉತ್ತಮವಾದುವನ್ನು ಪ್ರಯೋಗಶಾಲೆಯಲ್ಲಿ ನಿಜವಾಗಿಯೂ ತಯಾರಿಸಿ ಪರೀಕ್ಷಿಸಬೇಕು. ಪರದೆಯ ಮೇಲಿನ ಅಂಕವೇ ಕೊನೆಯ ತೀರ್ಪಲ್ಲ. ಈ ವಿನ್ಯಾಸಗಳಿಗೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಮುಕ್ತವಾಗಿಡುವುದೆಂದು ಮೊದಲೇ ಸಾರಿದ್ದು ಬಡ ರೈತರ ದೃಷ್ಟಿಯಿಂದ ಮೆಚ್ಚತಕ್ಕ ಮಾತು.

ಆದರೆ ಪ್ರಯೋಗಶಾಲೆಯಿಂದ ನಮ್ಮ ಉಗ್ರಾಣದವರೆಗಿನ ದಾರಿ ಉದ್ದವಾದದ್ದು. ಕಾಳಿಗೆ ಸೇರಿದ ಮೇಲೆ ವಿಷವನ್ನು ತೆಗೆಯುವುದು ಎಷ್ಟು ಕಷ್ಟವೆಂಬುದನ್ನೇ ಈ ಪ್ರಯತ್ನವೂ ತೋರಿಸುತ್ತದೆ. ಆದ್ದರಿಂದ ಅದು ಸೇರದಂತೆ ತಡೆಯುವುದೇ ಸುಲಭ, ಅಗ್ಗ. ಕಾಫಿಯಲ್ಲಿ ಓಕ್ರಟಾಕ್ಸಿನ್ ಎಂಬ ಇಂಥದೇ ಬೂಷ್ಟಿನ ವಿಷ ಬರುತ್ತದೆ. ಐರೋಪ್ಯ ಒಕ್ಕೂಟವು ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಕಿಲೋ ಒಂದಕ್ಕೆ 5 ಮೈಕ್ರೋಗ್ರಾಮಿನಿಂದ 3ಕ್ಕೆ 2023ರಿಂದ ಇಳಿಸಿದೆ. ನಮ್ಮ ಕಾಫಿಯ ಬಹುಪಾಲು ಹೊರದೇಶಕ್ಕೆ ಹೋಗುವುದರಿಂದ ಇದು ಸಣ್ಣ ಬೆಳೆಗಾರರಿಗೂ ಸಂಬಂಧಿಸಿದ ವಿಷಯವೇ ಸರಿ.

ಸದಸ್ಯರು ಗಮನಿಸಬೇಕಾದ ಅಂಶಗಳು ಇವು: ಕೊಯ್ದ ಹಣ್ಣನ್ನು ರಾಶಿ ಹಾಕಿ ಬಿಸಿಯೇರಲು ಬಿಡಬಾರದು. ಕಣದಲ್ಲಿ ತೆಳುವಾಗಿ ಹರಡಿ ಆಗಾಗ್ಗೆ ಕೈಯಾಡಿಸಬೇಕು. ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಬೇಕು. ಪಾರ್ಚ್‌ಮೆಂಟ್ ಕಾಫಿಯನ್ನು ಶೇಕಡಾ 10, ಚೆರಿಯನ್ನು ಶೇಕಡಾ 11 ತೇವಕ್ಕೆ ಬರುವವರೆಗೆ ಒಣಗಿಸಬೇಕು. ಚಾಲಿ ಅಡಿಕೆಯೂ ಒಳಗಿನವರೆಗೆ ಒಣಗಿದ ಮೇಲೆಯೇ ಚೀಲ ಸೇರಬೇಕು. ಚೀಲಗಳನ್ನು ಬರಿನೆಲಕ್ಕೆ ಇಡದೆ, ಗೋಡೆಗೆ ತಾಗಿಸದೆ, ಮರದ ಹಲಗೆಗಳ ಮೇಲೆ ಜೋಡಿಸಬೇಕು. ಬೂಷ್ಟು ಹಿಡಿದ ಹಿಂಡಿಯನ್ನು ಹಸುವಿಗೆ ಹಾಕಲೇಬಾರದು. ಅಫ್ಲಟಾಕ್ಸಿನ್ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ, ಆ ಹಾಲನ್ನು ಕುಡಿಯುವವರು ನಮ್ಮ ಮನೆಯ ಮಕ್ಕಳೇ.